ಹತ್ತನೇ ಕ್ಲಾಸಿನ ಮಗು: ಮನೆಯವರಿಗೊಂದು ಬಳಕೆಯ ಕೈಪಿಡಿ

ಮಾದರಿ: ಕೆ.ಜಿ.ಎಫ್. / ಬಂಗಾರಪೇಟೆ. ಬಳಕೆಯ ಅವಧಿ: ಶಾಲೆ ತೆರೆದ ದಿನದಿಂದ ಪರೀಕ್ಷೆ ಮುಗಿಯುವ ತನಕ. ಬಳಸುವ ಮೊದಲು ಪೂರ್ತಿ ಓದಿಕೊಳ್ಳಿ. ಮಿಕ್ಸಿಯ ಕೈಪಿಡಿಯನ್ನೇ ಓದದವರು ಇದನ್ನು ಓದುತ್ತೀರೆಂಬ ಭರವಸೆ ನಮಗಿಲ್ಲ. ಹಾಗಾಗಿ ಮುಖ್ಯವಾದದ್ದನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳಿದ್ದೇವೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಅಭಿನಂದನೆಗಳು. ಈ ವರ್ಷ ನಿಮ್ಮ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಇದೆ. ಮಗುವಿನ ಜೊತೆ ಕೆಳಗಿನ ಬಿಡಿಭಾಗಗಳು ಬಂದಿವೆಯೇ ನೋಡಿಕೊಳ್ಳಿ: ಆರು ವಿಷಯ, ಒಟ್ಟು 625 ಅಂಕ, ಅದರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಕೈವಾರ ಕಳೆದುಹೋಗಿರುವ ಜ್ಯಾಮಿಟ್ರಿ ಬಾಕ್ಸ್ ಒಂದು, ಮೂರು ಬಣ್ಣದ ಹೈಲೈಟರ್, ಗೈಡು ಎರಡು, ಯಾರದೋ ಜೆರಾಕ್ಸಿನ ಜೆರಾಕ್ಸ್ ಆಗಿರುವ 'ಪಾಸಿಂಗ್ ಪ್ಯಾಕೇಜ್' ಒಂದು ಕಟ್ಟು. ಸಲಹೆ ಕೊಡುವ ಚಿಕ್ಕಪ್ಪ, ಸೋದರಮಾವಂದಿರು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಅವರು ತಾವಾಗಿಯೇ ಬರುತ್ತಾರೆ. ಕಾಫಿ ಕೊಟ್ಟು ಕಳಿಸಿ.

ಮಗುವಿನಲ್ಲಿ ಕಾರ್ಖಾನೆಯಿಂದಲೇ ಒಂದು ಧ್ವನಿಮುದ್ರಿತ ಉತ್ತರ ಅಳವಡಿಸಿ ಬಂದಿರುತ್ತದೆ. 'ಓದ್ಕೊಂಡ್ಯೇನೋ?' ಎಂದು ಕೇಳಿದರೆ 'ಎಲ್ಲಾ ಓದಾಯ್ತಮ್ಮ' ಎನ್ನುತ್ತದೆ. ಇದು ಸುಳ್ಳೆಂದು ತಿಳಿಯಬೇಡಿ. ಮಗು ನಿಜವಾಗಿಯೂ ಓದಿದೆ. ತೊಂದರೆ ಇರುವುದೇ ಅಲ್ಲಿ. ಅದನ್ನು ನಾಲ್ಕನೇ ವಿಭಾಗದಲ್ಲಿ ನೋಡೋಣ.

2. ಊರಿನ ಮಾದರಿಗಳಲ್ಲಿ ವ್ಯತ್ಯಾಸ

ಕೆ.ಜಿ.ಎಫ್. ಮಾದರಿಯ ತಾತಂದಿರು ಚಿನ್ನದ ಗಣಿಯ ಸೈರನ್ ಕೇಳಿ ಏಳುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಸೌಲಭ್ಯ ನಿಂತಿದೆ. ಈಗ ಮನೆಯನ್ನು ಎಬ್ಬಿಸುವುದು ಬೆಂಗಳೂರಿನ ರೈಲು. ಬೆಳಕು ಹರಿಯುವ ಮುಂಚೆ ಅಪ್ಪ ಮಾರಿಕುಪ್ಪಂನಲ್ಲೋ ಚಾಂಪಿಯನ್‌ನಲ್ಲೋ ಉರಿಗಾಂನಲ್ಲೋ ಹತ್ತುತ್ತಾನೆ, ಕೋರಮಂಡಲ್, ಬಿ.ಇ.ಎಂ.ಎಲ್. ನಗರ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕೂರಲು ಜಾಗವಿರುವುದಿಲ್ಲ. ತಿರುಗಿ ಮನೆ ಸೇರುವಾಗ ಮಗು ಊಟ ಮುಗಿಸಿ ಆಕಳಿಸುತ್ತಿರುತ್ತದೆ.

ಬಂಗಾರಪೇಟೆ ಮಾದರಿಗೆ ಜಂಕ್ಷನ್ನಿನ ಅನುಕೂಲವಿದೆ, ಪಾನಿಪುರಿಯ ಅಪಾಯವಿದೆ. ಈ ಊರಿನ ಪಾನಿಪುರಿಯ ನೀರು ಕುಡಿಯುವ ನೀರಿನಷ್ಟೇ ತಿಳಿಯಾಗಿ ಕಾಣುತ್ತದೆ; ಖಾರ ಎಷ್ಟೆಂದು ತಿಳಿಯುವುದು ಗಂಟಲಿಗೆ ಇಳಿದ ಮೇಲೆ. ಬಹುಮಾನವಾಗಿ ವಾರಕ್ಕೊಮ್ಮೆ ಕೊಡಬಹುದು. ಪರೀಕ್ಷೆಯ ಹಿಂದಿನ ದಿನ ಖಂಡಿತ ಬೇಡ.

ಎರಡೂ ಮಾದರಿಗಳಿಗೆ ಸಮಾನವಾದ ಒಂದು ಸಂಗತಿ: ದಿನದ ಬಹುಪಾಲು ಹೊತ್ತು ಪಕ್ಕದಲ್ಲಿ ಕೂತು ಓದಿಸುವ ದೊಡ್ಡವರು ಮನೆಯಲ್ಲಿ ಇರುವುದಿಲ್ಲ. ಇದ್ದವರೂ ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ನಾಲ್ಕು ಕ್ಲಾಸು ಓದಿ ಬಿಟ್ಟವರಾಗಿರಬಹುದು. 'ನಮಗೇನು ಗೊತ್ತಾಗುತ್ತೆ ಅವರ ಪಾಠ' ಎಂದು ಹಿಂದೆ ಸರಿಯುತ್ತಾರೆ. ಈ ಕೈಪಿಡಿಯನ್ನು ಅವರಿಗಾಗಿಯೇ ಬರೆದಿದ್ದೇವೆ.

3. ಅಳವಡಿಸುವ ಜಾಗ

ಲೈನ್ ಮನೆಯಲ್ಲಿ 'ಸ್ಟಡಿ ರೂಮ್' ಇರುವುದಿಲ್ಲ. ಬೇಕಾಗಿಯೂ ಇಲ್ಲ. ಬಾಗಿಲ ಮುಂದಿನ ಕಟ್ಟೆ, ಮಾಳಿಗೆಯ ಮೆಟ್ಟಿಲು, ಟ್ರಂಕಿನ ಮೇಲೆ ಮಡಿಚಿಟ್ಟ ಕಂಬಳಿ, ಎಲ್ಲವೂ ನಡೆಯುತ್ತದೆ. ಬೆಳಕಿರಲಿ. ಟಿ.ವಿ. ಮುಖ ಆ ಕಡೆಗಿರಲಿ.

ಮೊಬೈಲ್ ಮಾತ್ರ ಕೈಗೆ ಎಟುಕದಷ್ಟು ದೂರ ಇರಬೇಕು. ಇದು ಸುಲಭದ ಕೆಲಸವೆಂದು ನಾವು ಹೇಳುವುದಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿ.ಐ.ಎಫ್.ಆರ್.) ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳ ಜೊತೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವಿನ ಸುಳಿವು ಹಿಡಿದರು. ಭೂಮಿಯನ್ನೇ ತೂರಿಕೊಂಡು ಹೋಗುವ ಕಣವನ್ನು ಗುರುತಿಸಿದ ಊರಿದು. ಆದರೂ ಓದುವ ಹೊತ್ತಿನಲ್ಲಿ ಮಗನ ಫೋನು ಎಲ್ಲಿದೆ ಎಂದು ಹಿಡಿಯುವ ಉಪಕರಣ ಇಲ್ಲಿ ಇನ್ನೂ ತಯಾರಾಗಿಲ್ಲ. ಸದ್ಯಕ್ಕೆ ಅಜ್ಜಿಯ ಸೊಂಟದ ಚೀಲವೇ ಗತಿ.

4. ಚಾಲನೆ: ಪುಸ್ತಕ ಮುಚ್ಚುವ ವಿಧಾನ

ಹೆಚ್ಚಿನ ಮನೆಗಳಲ್ಲಿ ಮಗುವನ್ನು ಪುಸ್ತಕ ತೆರೆದ ಸ್ಥಿತಿಯಲ್ಲಿ ಓಡಿಸುತ್ತಾರೆ. ತುಟಿ ಅಲುಗುತ್ತದೆ, ಪುಟ ಮಗುಚುತ್ತದೆ, ಹೈಲೈಟರ್ ಹರಿಯುತ್ತದೆ. ಪಾಠ ಅರಿಶಿನ ಹಚ್ಚಿದ ಮದುಮಗಳ ಹಾಗೆ ಹಳದಿಯಾಗುತ್ತದೆ. ಮೂರನೇ ಸಲ ಓದುವಾಗ ಎಲ್ಲವೂ ಪರಿಚಯದ ಮುಖವೇ. 'ಎಲ್ಲಾ ಬರುತ್ತೆ' ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿರುವುದಿಲ್ಲ. ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದಿರುವಾಗ ನೆನಪಿನಿಂದ ಎತ್ತಿ ಹೇಳುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಅಳೆದು ತೋರಿಸಿದರು. ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು; ಇನ್ನೊಂದನ್ನು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದೇ ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಗೆದ್ದಿತು: ಶೇ 81ಕ್ಕೆ ಎದುರು ಶೇ 75. ವಾರ ಕಳೆದು ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಎರಡು ಸಲ ಓದಿದ್ದರಲ್ಲಿ ಶೇ 42 ಉಳಿದಿತ್ತು, ಮುಚ್ಚಿಟ್ಟು ಬರೆದದ್ದರಲ್ಲಿ ಶೇ 56. 2013ರಲ್ಲಿ ಡನ್‌ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ವಿಧಾನಗಳನ್ನು ಒರೆಗೆ ಹಚ್ಚಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ದರ್ಜೆಗೆ ಬಿದ್ದವು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಹಲವು ದಿನಗಳಿಗೆ ಹಂಚಿಕೊಂಡು ಓದುವುದು.

ಚಾಲನೆಯ ಕ್ರಮ:

ಅ) ಮಗು ಪಾಠದ ಒಂದು ಭಾಗವನ್ನು ಒಮ್ಮೆ ಅರ್ಥಮಾಡಿಕೊಂಡು ಓದಲಿ.

ಆ) ಪುಸ್ತಕವನ್ನು ಮಗುವಿನ ಕೈಯಿಂದ ತೆಗೆದುಕೊಳ್ಳಿ. ಮೊದಲ ಸಲ ಪ್ರತಿಭಟನೆಯ ಸದ್ದು ಬರುತ್ತದೆ. ಇದು ದೋಷವಲ್ಲ.

ಇ) ಖಾಲಿ ಹಾಳೆ ಕೊಡಿ. ನೆನಪಿರುವಷ್ಟನ್ನು ಬರೆಯಲಿ: ಓಮ್‌ನ ನಿಯಮ, ಕಣ್ಣಿನ ಚಿತ್ರ, ಥೇಲ್ಸ್‌ನ ಪ್ರಮೇಯ, ಯಾವುದಾದರೂ ಸರಿ.

ಈ) ಈಗ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಮಗುವೇ ಕೆಂಪು ಪೆನ್ನಿನಲ್ಲಿ ತುಂಬಲಿ. ಮುಂದಿನ ಸಲ ಓದಬೇಕಾದದ್ದು ಆ ಕೆಂಪು ಭಾಗವನ್ನು ಮಾತ್ರ.

ಹೆಣಗಾಡುತ್ತಾ ನೆನಪಿಸಿಕೊಳ್ಳುವಾಗ ಮಗುವಿನ ಮುಖ ಸಣ್ಣಗಾಗುತ್ತದೆ. ಮರುಕಪಟ್ಟು ಉತ್ತರ ಹೇಳಿಬಿಡಬೇಡಿ. ಆ ಹೆಣಗಾಟವೇ ಕೆಲಸ ಮಾಡುವುದು.

5. ಎಷ್ಟು ದಿನಕ್ಕೊಮ್ಮೆ ಚಾಲನೆ ಕೊಡಬೇಕು

ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ತೋಡುತ್ತಿದ್ದ ದಶಕದಲ್ಲೇ, 1885ರಲ್ಲಿ, ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ನೆನಪಿನ ಮೇಲೆ ಒಂದು ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆಂದು ಅಳೆದಿದ್ದ. ಒಂದು ದಿನ ಕಳೆಯುವಷ್ಟರಲ್ಲಿ ಪಟ್ಟ ಶ್ರಮದ ಮೂರನೇ ಒಂದು ಪಾಲು ಮಾತ್ರ ಉಳಿದಿತ್ತು. ಮರೆವು ಮೊದಲ ದಿನವೇ ಓಡುತ್ತದೆ, ಆಮೇಲೆ ತೆವಳುತ್ತದೆ. ಆದ್ದರಿಂದ ಮೊದಲ ಪುನರಾವರ್ತನೆ ಮರುದಿನವೇ ಆಗಬೇಕು. ಆಮೇಲಿನವು ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಎಂದು ದೂರ ಸರಿಯುತ್ತಾ ಹೋಗಬಹುದು. ಭಾನುವಾರ ಆರು ಗಂಟೆ ವಿಜ್ಞಾನ ಓದಿ ಹದಿನೈದು ದಿನ ಮುಟ್ಟದಿರುವುದಕ್ಕಿಂತ, ದಿನಕ್ಕೆ ಅರ್ಧ ಗಂಟೆ ಹನ್ನೆರಡು ದಿನ ಓದುವುದು ಲಾಭ. ಗಂಟೆಯ ಲೆಕ್ಕ ಎರಡರಲ್ಲೂ ಒಂದೇ.

ಇದಕ್ಕೊಂದು ಅಗ್ಗದ ಸಲಕರಣೆಯಿದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ವಿವರಿಸಿದ ಚೀಟಿಯ ಪೆಟ್ಟಿಗೆ. ಚಪ್ಪಲಿ ಬಾಕ್ಸಿಗೆ ರಟ್ಟು ಅಡ್ಡವಿಟ್ಟು ಮೂರು ಮನೆ ಮಾಡಿ. ಹಳೆಯ ಮದುವೆ ಪತ್ರಿಕೆಗಳನ್ನು ಚೀಟಿಯಾಗಿ ಕತ್ತರಿಸಿ, ಖಾಲಿ ಬದಿಯ ಮೇಲುಭಾಗದಲ್ಲಿ ಪ್ರಶ್ನೆ, ಮಡಿಸಿದ ಕೆಳಭಾಗದಲ್ಲಿ ಉತ್ತರ ಬರೆಸಿ. ಹೊಸ ಚೀಟಿಗಳೆಲ್ಲ ಮೊದಲ ಮನೆಯಲ್ಲಿ. ಅವನ್ನು ದಿನವೂ ಕೇಳಬೇಕು. ಉತ್ತರ ಬಂದ ಚೀಟಿಗೆ ಎರಡನೇ ಮನೆಗೆ ಬಡ್ತಿ. ಅಲ್ಲಿ ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಯಾವ ಮನೆಯಲ್ಲಿ ತಪ್ಪಿದರೂ ಚೀಟಿ ಮೊದಲ ಮನೆಗೆ ವಾಪಸ್. ಸಂಬಂಧಿಕರ ಮದುವೆಗಳಿಂದ ಕೊನೆಗೂ ಒಂದು ಪ್ರಯೋಜನವಾಯಿತು.

ಅಪ್ಪ ಈ ಪೆಟ್ಟಿಗೆಯನ್ನು ರೈಲಿನಿಂದಲೂ ನಡೆಸಬಹುದು. ಬೆಳಿಗ್ಗೆ ಹೊರಡುವಾಗ ಐದು ಚೀಟಿ ಜೇಬಿಗೆ ಹಾಕಿಕೊಳ್ಳಿ. ಸಂಜೆ ಮಾಲೂರು ದಾಟಿ ಟೇಕಲ್ ಬರುವ ಹೊತ್ತಿಗೆ ಮನೆಗೆ ಫೋನು ಮಾಡಿ ಕೇಳಿ. ಉತ್ತರ ಸರಿಯೇ ತಪ್ಪೇ ಎಂದು ಚೀಟಿಯೇ ಹೇಳುತ್ತದೆ. ಪಕ್ಕದ ಸೀಟಿನವರು ಮೊದಲೇ ಉತ್ತರ ಕೂಗಿದರೆ ಅವರ ಮನೆಯಲ್ಲೂ ಎಸ್‌ಎಸ್‌ಎಲ್‌ಸಿ ಇದೆಯೆಂದು ಅರ್ಥ.

6. ಬೆರೆಸುವ ಗುಂಡಿ

ವರ್ಗ ಸಮೀಕರಣದ ಅಭ್ಯಾಸದಲ್ಲಿ ಎಲ್ಲ ಲೆಕ್ಕವೂ ವರ್ಗ ಸಮೀಕರಣವೇ. ಯಾವ ಸೂತ್ರ ಹಾಕಬೇಕೆಂದು ತಲೆಬರಹವೇ ಹೇಳಿಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಗೆ ಅಂಥ ಉದಾರತೆಯಿಲ್ಲ. ಸಮಾಂತರ ಶ್ರೇಢಿಯ ಪಕ್ಕದಲ್ಲೇ ತ್ರಿಕೋನಮಿತಿ ಕೂತಿರುತ್ತದೆ. ಹಾಗಾಗಿ ವಾರಕ್ಕೆ ಎರಡು ಸಲವಾದರೂ ಬೇರೆ ಬೇರೆ ಪಾಠದ ಲೆಕ್ಕಗಳನ್ನು ಕಲೆಸಿ ಕೊಡಿ. ಮಾಡುವ ವೇಗ ಇಳಿಯುತ್ತದೆ, ತಪ್ಪು ಹೆಚ್ಚುತ್ತದೆ, ಮಗು ಬೈದುಕೊಳ್ಳುತ್ತದೆ. ಆದರೆ 'ಇದು ಯಾವ ಜಾತಿಯ ಲೆಕ್ಕ' ಎಂದು ಗುರುತಿಸುವ ಅಭ್ಯಾಸ ಹೀಗಲ್ಲದೆ ಬರುವುದಿಲ್ಲ.

7. 'ಯಾಕೆ' ಎಂಬ ಬಿಡಿಭಾಗ

ಇಸವಿಯನ್ನು ಒಂಟಿಯಾಗಿ ಬಾಯಿಪಾಠ ಮಾಡಿಸಿದರೆ ಅದು ಒಂಟಿಯಾಗಿಯೇ ಹೊರಟುಹೋಗುತ್ತದೆ. ಕಾರಣದ ಜೊತೆ ಕಟ್ಟಿಹಾಕಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗೆ ಬಂತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಹತ್ತಿರದ ಬೆಂಗಳೂರನ್ನು ಬಿಟ್ಟು 90 ಮೈಲಿಗೂ ದೂರದ ಗಣಿಗೆ ಮೊದಲು ತಂತಿ ಎಳೆದದ್ದು ಯಾಕೆ? ಯಂತ್ರ ಓಡಿಸಲು ವಿದ್ಯುತ್ತನ್ನು ಸಗಟಾಗಿ ಕೊಳ್ಳುವ ಗಿರಾಕಿ ಇದ್ದದ್ದು ಅಲ್ಲಿ. ಕಾರಣ ಗೊತ್ತಾದ ಮಗು ಇಸವಿಯನ್ನು ಬೇಗ ಮರೆಯುವುದಿಲ್ಲ.

ವಿಜ್ಞಾನಕ್ಕೂ ಇದೇ ದಾರಿ. ಒಂದು ಗ್ರಾಂ ಚಿನ್ನವನ್ನು ಸುಮಾರು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದೆಂದು ಲೋಹಗಳ ಪಾಠ ಹೇಳುತ್ತದೆ. ಈ ಊರಿನ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತ್ತು. ಹಾಗಾದರೆ ತಳ ಮುಟ್ಟುವಷ್ಟು ತಂತಿಗೆ ಎಷ್ಟು ಚಿನ್ನ ಬೇಕು? ಲೆಕ್ಕ ಹಾಕಿದರೆ 1.6 ಗ್ರಾಂ, ಎರಡು ಗ್ರಾಂ ಕೂಡ ಇಲ್ಲ. ಈ ಉತ್ತರ ಕಂಡ ಮಗುವಿಗೆ ತನ್ಯತೆ ಎಂಬುದನ್ನು ಇನ್ನೊಮ್ಮೆ ವಿವರಿಸಬೇಕಾಗಿಲ್ಲ.

8. ಭಾಷೆಯ ಹೊಂದಾಣಿಕೆ

ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕ್ರಿಕೆಟ್ ಆಡುವಾಗ ಮೂರೂ. ಮಗು ಮನೆಮಾತಿನಲ್ಲಿ ಯೋಚಿಸಿ ಅರ್ಥಮಾಡಿಕೊಂಡರೆ ಅಡ್ಡಿಯಿಲ್ಲ. ಆದರೆ ಉತ್ತರವನ್ನು ಪರೀಕ್ಷೆಯ ಭಾಷೆಯಲ್ಲೇ ಬರೆದು ಅಭ್ಯಾಸ ಮಾಡಬೇಕು. ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲದ ಕಾರಣ 'ಭಾರತ'ದ ಹೊಟ್ಟೆ ಸೀಳುವುದು ಮರೆತುಹೋಗುತ್ತದೆ, 'ಧನ' ಮೇಯಲು ಹೋಗಿ 'ದನ'ವಾಗುತ್ತದೆ. ಇದಕ್ಕೆ ಗದರಿಕೆ ಮದ್ದಲ್ಲ. ದಿನಕ್ಕೆ ಐದು ಸಾಲು ಉಕ್ತಲೇಖನ ಬರೆಸಿ. ಅದನ್ನು ಓದಿ ಹೇಳುವ ಕೆಲಸ ಪಕ್ಕದ ಮನೆಯ ಅಕ್ಕನಿಗೆ ಕೊಡಬಹುದು.

9. ದೋಷ ನಿವಾರಣೆ

ಲಕ್ಷಣ: ಓದಿದ್ದೆಲ್ಲ ಪರೀಕ್ಷೆಯಲ್ಲಿ ಮರೆತುಹೋಗುತ್ತದೆ.
ಕಾರಣ: ಮರೆತಿಲ್ಲ, ಪುಸ್ತಕ ಮುಚ್ಚಿ ಒಮ್ಮೆಯೂ ಹೇಳಿ ನೋಡಿಲ್ಲ.
ಪರಿಹಾರ: ವಿಭಾಗ 4.

ಲಕ್ಷಣ: ವೇಳಾಪಟ್ಟಿ ಬಹಳ ಅಂದವಾಗಿದೆ. ನಾಲ್ಕು ಬಣ್ಣ, ಅಂಚಿಗೆ ಹೂಬಳ್ಳಿ.
ಕಾರಣ: ಓದಬೇಕಾದ ಹೊತ್ತು ಅಲ್ಲಿ ಹೋಗಿದೆ.
ಪರಿಹಾರ: ಮುಂದಿನ ವೇಳಾಪಟ್ಟಿ ಪೆನ್ಸಿಲ್ಲಿನಲ್ಲಿ, ಐದು ನಿಮಿಷದಲ್ಲಿ.

ಲಕ್ಷಣ: ಪ್ರಿಪರೇಟರಿಯಲ್ಲಿ ಅಂಕ ಬಿದ್ದಿದೆ, ಉತ್ತರಪತ್ರಿಕೆ ಹಾಸಿಗೆಯ ಕೆಳಗೆ ಪತ್ತೆ.
ಕಾರಣ: ಭಯ. ಬಹುಮಟ್ಟಿಗೆ ನಿಮ್ಮದೇ.
ಪರಿಹಾರ: ಅಂಕ ನೋಡುವ ಮೊದಲು ತಪ್ಪುಗಳನ್ನು ನೋಡಿ. ಗೊತ್ತಿಲ್ಲದ್ದು ಯಾವುದು, ಗೊತ್ತಿದ್ದೂ ಅವಸರದಲ್ಲಿ ಕೆಟ್ಟದ್ದು ಯಾವುದು, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು ಯಾವುದು ಎಂದು ಮೂರು ಪಟ್ಟಿ ಮಾಡಿಸಿ. ಮೂರಕ್ಕೂ ಮದ್ದು ಬೇರೆ ಬೇರೆ. ಆ ಪತ್ರಿಕೆ ಮನೆಯಲ್ಲಿರುವ ಎಲ್ಲ ಗೈಡುಗಳಿಗಿಂತ ಬೆಲೆಬಾಳುವಂಥದ್ದು. ಅದು ನಿಮ್ಮ ಮಗುವಿಗೆಂದೇ ತಯಾರಾದದ್ದು.

ಲಕ್ಷಣ: 'ಈ ವರ್ಷ ಇದೇ ಬರೋದು' ಎಂದು ಎರಡೇ ಪಾಠ ಹಿಡಿದು ಕೂತಿದೆ.
ಕಾರಣ: ವಾಟ್ಸಾಪ್.
ಪರಿಹಾರ: ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ಇಟ್ಟು, ಪೂರ್ತಿ ಬರೆಸಿ.

ಲಕ್ಷಣ: ಪಕ್ಕದ ಬೆಂಚಿನವರ ಮೇಲೆ ಅಪಾರ ವಿಶ್ವಾಸ.
ಕಾರಣ: ಹಳೆಯ ಕಾಲದ ಸಾಫ್ಟ್‌ವೇರ್.
ಪರಿಹಾರ: 2024ರಿಂದ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಇದೆ ಎಂದು ತಿಳಿಸಿ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿದ ಮೇಲೆ.

ಲಕ್ಷಣ: ರಾತ್ರಿ ಎರಡು ಗಂಟೆಗೂ ದೀಪ ಉರಿಯುತ್ತಿದೆ.
ಕಾರಣ: ಎದುರು ಮನೆಯ ಹುಡುಗಿ ಹಾಗೆ ಓದುತ್ತಾಳೆಂಬ ಸುದ್ದಿ.
ಪರಿಹಾರ: ಸ್ವಿಚ್ ಆರಿಸಿ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವ ಕೆಲಸದಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ಎದುರು ಮನೆಯ ಹುಡುಗಿಯ ದೀಪ ಉರಿಯುತ್ತಿರುವುದು ನಿಮ್ಮ ಮನೆಯ ದೀಪ ನೋಡಿ.

10. ಪರೀಕ್ಷೆಯ ದಿನ

ಹೊಸದೇನನ್ನೂ ತುಂಬಬೇಡಿ. ಹಾಲ್ ಟಿಕೆಟ್, ಎರಡು ಪೆನ್ನು, ಈಗಾಗಲೇ ಕೊಂಡಿರುವ ಹೊಸ ಕೈವಾರ ಚೀಲದಲ್ಲಿರಲಿ. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಅದು ಗಾಬರಿಯಾಗಲು ಕೊಟ್ಟ ಸಮಯವಲ್ಲ. ಯಾವುದನ್ನು ಮೊದಲು ಬರೆಯಬೇಕೆಂದು ಆಗಲೇ ಗುರುತು ಹಾಕಿಕೊಳ್ಳಲಿ. ಮನೆಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಹಿಡಿದು ಅಂಕ ಕೂಡಿಸುವ ಹವ್ಯಾಸವನ್ನು ಚಿಕ್ಕಪ್ಪಂದಿರಿಗೆ ನಿಷೇಧಿಸಲಾಗಿದೆ.

11. ವಾರಂಟಿ

ಈ ಕೈಪಿಡಿ ರ‍್ಯಾಂಕಿನ ಭರವಸೆ ಕೊಡುವುದಿಲ್ಲ. ಅಂಕ ಕಡಿಮೆ ಬಂದರೆ ಮಗುವನ್ನು ವಾಪಸ್ ಮಾಡುವ, ಪಕ್ಕದ ಮನೆಯದರ ಜೊತೆ ಬದಲಾಯಿಸಿಕೊಳ್ಳುವ ಅವಕಾಶವಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ದಾರಿ ತೆರೆದಿದೆ. ಫಲಿತಾಂಶದ ದಿನ ಮನೆಯಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತು ಅದೇ. ಬೈಗುಳದಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ.

12. ಮುಖ್ಯವಾದದ್ದು, ಇನ್ನೊಮ್ಮೆ

ಮಗುವಿನ ಪಾಠ ನಿಮಗೆ ಬರಬೇಕಾಗಿಲ್ಲ. ಪ್ರಶ್ನೆ ಪಾಠದ ಕೊನೆಯಲ್ಲಿದೆ, ಉತ್ತರ ಪಾಠದ ಒಳಗಿದೆ. ಪುಸ್ತಕ ಹಿಡಿದುಕೊಂಡು ಕೇಳುವ ಒಬ್ಬರು ಸಾಕು. ಕನ್ನಡ ಓದಲು ಬರದಿದ್ದರೆ 'ಇವತ್ತು ಕಲಿತದ್ದನ್ನು ನನಗೆ ತಿಳಿಯೋ ಹಾಗೆ ಹೇಳು' ಎನ್ನಿ, ತಮಿಳಿನಲ್ಲೇ ಆಗಲಿ, ತೆಲುಗಿನಲ್ಲೇ ಆಗಲಿ. ಹೇಳುತ್ತಾ ಹೇಳುತ್ತಾ ಎಲ್ಲಿ ತಡವರಿಸಿತೋ ಅಲ್ಲಿ ಓದುವುದು ಬಾಕಿಯಿದೆ ಎಂದು ಮಗುವಿಗೇ ಗೊತ್ತಾಗುತ್ತದೆ. ಟ್ಯೂಷನ್ನಿಗೆ ಕೊಡುವ ದುಡ್ಡು ಇರಲಿ ಬಿಡಲಿ, ದಿನಕ್ಕೆ ಹದಿನೈದು ನಿಮಿಷ ಪಠ್ಯಪುಸ್ತಕ ನಿಮ್ಮ ಕೈಯಲ್ಲಿರಲಿ, ಮಗುವಿನ ಕೈ ಖಾಲಿ ಇರಲಿ. ಇವತ್ತು ರಾತ್ರಿ ಊಟವಾದ ಮೇಲೆ ಐದೇ ಪ್ರಶ್ನೆಯಿಂದ ಶುರುಮಾಡಿ.